ಆಟ ಕೊಡದೆ ಅಭಿಮಾನ ಕೇಳುವವರು

ಬೆಂಗಳೂರಿನ ಫುಟ್ಬಾಲ್ ವಲಯದಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ. ರಾಜಧಾನಿಯ ಕ್ಲಬ್ಬು ರಾಜಧಾನಿಗಷ್ಟೇ ಸೀಮಿತವಾಗಬಾರದು, ಅದು ಇಡೀ ಕರ್ನಾಟಕದ ತಂಡವಾಗಬೇಕು, ಉತ್ತರದ ಜಿಲ್ಲೆಗಳಲ್ಲೂ ಅದಕ್ಕೆ ಅಭಿಮಾನಿಗಳು ಹುಟ್ಟಬೇಕು ಎಂಬ ಮಾತು. ಕೇಳಲು ಚೆಂದವಾಗಿಯೇ ಇದೆ. ಆದರೆ ಅಭಿಮಾನಿಗಳು ಹುಟ್ಟುವುದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರಗಳು ಬೇರೆ. ಊರಿಗೊಂದು ದೊಡ್ಡ ಪರದೆ ಹಾಕಿ ಪಂದ್ಯ ತೋರಿಸೋಣ, ಕಡಿಮೆ ಬೆಲೆಗೆ ನೀಲಿ ಅಂಗಿ ಮಾರೋಣ, ಮೊಬೈಲಿನಲ್ಲಿ ಕನ್ನಡದ ಎರಡು ಸಾಲು ಹಾಕೋಣ, ಹೆಸರಾಂತ ಆಟಗಾರನನ್ನು ಒಂದು ದಿನ ಕರೆಸಿ ಮೆರವಣಿಗೆ ಮಾಡೋಣ. ಇಷ್ಟೆಲ್ಲ ಲೆಕ್ಕಾಚಾರದಲ್ಲಿ ಒಂದು ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಜಮಖಂಡಿಯ, ಮುಧೋಳದ, ಬೀಳಗಿಯ, ರಬಕವಿ-ಬನಹಟ್ಟಿಯ ಹುಡುಗರಿಗೆ ಇದರಿಂದ ಸಿಗುವುದೇನು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಅದರ ಬೆಲೆಯನ್ನೂ ಕೂಸಿನ ತಾಯಿಯಿಂದಲೇ ವಸೂಲಿ ಮಾಡುವ ಯೋಚನೆ ಇದೆ.

ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ಊರುಗಳನ್ನು ಹೆಸರಿಸಲು ಕಾರಣವಿದೆ. ಇವು ಆಟ ಗೊತ್ತಿಲ್ಲದ ಊರುಗಳಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ಎರಡೂ ಕಡೆ ಕುಸ್ತಿಗೆ ಮಾನವಿತ್ತು. ಇಂದಿಗೂ ಈ ಸೀಮೆಯ ಜಾತ್ರೆ, ಉರುಸುಗಳು ಕುಸ್ತಿಯ ಕಣವಿಲ್ಲದೆ ಮುಗಿಯುವುದಿಲ್ಲ. ತೆರಬಂಡಿ ಸ್ಪರ್ಧೆಗೆ ಸೇರುವ ಜನವನ್ನು ನೋಡಿದವರಿಗೆ ಇಲ್ಲಿನವರಿಗೆ ಪಕ್ಷ ಕಟ್ಟಿ ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬುದು ತಿಳಿಯುತ್ತದೆ. ಅವಿಭಜಿತ ವಿಜಾಪುರ ಜಿಲ್ಲೆ ಸೈಕ್ಲಿಂಗಿಗೆ ಹೆಸರಾದದ್ದು. ರಬಕವಿ-ಬನಹಟ್ಟಿಯಲ್ಲಿ ಹಗಲು ರಾತ್ರಿ ಮಗ್ಗದ ಸದ್ದು. ಮುಧೋಳ, ಜಮಖಂಡಿಯ ಸುತ್ತ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ. ಬೀಳಗಿಯ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. ನಾಡಿಗೆ ಸೀರೆ, ಸಕ್ಕರೆ, ನೀರು ಮೂರನ್ನೂ ಕೊಟ್ಟ ಸೀಮೆ ಇದು. ಇವರಿಂದ ಈಗ ಚಪ್ಪಾಳೆಯೂ ಬೇಕಂತೆ.

ಚಪ್ಪಾಳೆಯ ಖರ್ಚನ್ನು ಒಮ್ಮೆ ಲೆಕ್ಕ ಹಾಕೋಣ. ಜಮಖಂಡಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಕಾಮಗಾರಿ ದಶಕಕ್ಕೂ ಹೆಚ್ಚು ಕಾಲದಿಂದ ತೆವಳುತ್ತಿದೆ. ಹಾಗಾಗಿ ರಾತ್ರಿ ಬಸ್ಸೇ ಗತಿ. ಸಂಜೆ ಏಳೂವರೆಗೆ ಕಂಠೀರವ ಕ್ರೀಡಾಂಗಣದಲ್ಲಿ ಶುರುವಾಗುವ ಒಂದು ಪಂದ್ಯ ನೋಡಬೇಕಾದರೆ ಬನಹಟ್ಟಿಯ ಮಗ್ಗದ ಹುಡುಗ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು, ಒಂದು ಹಗಲು ಬೆಂಗಳೂರಿನಲ್ಲಿ ಅಲೆಯಬೇಕು. ಸೀರೆಗಿಷ್ಟು ಎಂದು ಮಜೂರಿ ಪಡೆಯುವವನಿಗೆ ಕೈ ನಿಂತರೆ ದುಡ್ಡು ನಿಂತಂತೆ. ಹೋಗುವ ದಿನದ ಮಜೂರಿ ಹೋಯಿತು, ನಿದ್ದೆಗೆಟ್ಟು ಬಂದ ದಿನದ್ದೂ ಹೋಯಿತು. ಬಸ್ಸಿನ ಚಾರ್ಜು, ಟಿಕೆಟ್ಟು, ಊಟ ಬೇರೆ. ತೊಂಬತ್ತು ನಿಮಿಷದ ಆಟಕ್ಕೆ ಇಷ್ಟು ತೆತ್ತು ಬಾ ಎನ್ನುವುದು ಆಹ್ವಾನವಲ್ಲ, ಅಣಕ. ಹಾಗಾಗಿ ಅಭಿಮಾನಿ ಬಳಗದ ವಿಸ್ತರಣೆ ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಗ್ಯಾಲರಿಯಲ್ಲಿ ಕೂರುವ ಮನುಷ್ಯನಲ್ಲ. ದೂರದಲ್ಲಿ ಕುಳಿತು ಅಂಗಿ ಕೊಳ್ಳುವ, ಮೊಬೈಲಿನಲ್ಲಿ ಎಣಿಕೆಗೆ ಸಿಗುವ ಗಿರಾಕಿ.

ಉತ್ತರ ಕರ್ನಾಟಕದವರಿಗೆ ಫುಟ್ಬಾಲ್ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಸಂತೆಗಳಲ್ಲಿ ಮೆಸ್ಸಿಯ ಹತ್ತನೆಯ ನಂಬರಿನ ಅಂಗಿ, ರೊನಾಲ್ಡೊನ ಏಳನೆಯ ನಂಬರಿನ ಅಂಗಿ ರಾಶಿ ಹಾಕಿ ಮಾರುತ್ತಾರೆ. 2022ರ ವಿಶ್ವಕಪ್ಪಿನ ಫೈನಲ್ಲನ್ನು ಕೈಯಲ್ಲಿ ಮೊಬೈಲಿದ್ದ ಯಾವ ಹುಡುಗ ಬಿಟ್ಟಿದ್ದಾನೆ? ಬಾರ್ಸಿಲೋನಾ, ಮ್ಯಾಡ್ರಿಡ್ ಈ ಹುಡುಗರಿಗೆ ಬೆಂಗಳೂರಿಗಿಂತ ಹತ್ತಿರ. ಇದು ಅವರ ತಪ್ಪಲ್ಲ. ಪರದೆಯ ಮೇಲಿನ ಆಟವೇ ಆಟವಾದಾಗ ಜಗತ್ತಿನ ಅತ್ಯುತ್ತಮ ಆಟವನ್ನೇ ಯಾರಾದರೂ ನೋಡುತ್ತಾರೆ. ಬೆಂಗಳೂರಿನ ಕ್ಲಬ್ಬು ಪರದೆಯ ಮೇಲೆ ಯುರೋಪಿನೊಂದಿಗೆ ಪೈಪೋಟಿಗೆ ಇಳಿದರೆ ಸೋಲು ಖಚಿತ. ಅದು ಗೆಲ್ಲಬಹುದಾದ ಜಾಗ ಒಂದೇ. ಮ್ಯಾಡ್ರಿಡ್ ಎಂದೂ ಬರಲಾರದ ಜಾಗ ಅದು, ಮುಧೋಳದ ಮೈದಾನ.

ಇಲ್ಲಿ ಬೆಂಗಳೂರು ಎಫ್‌ಸಿಯ ಸಾಧನೆಯನ್ನು ಅಲ್ಲಗಳೆಯುವ ಉದ್ದೇಶವಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯೂ ಕಂಪನಿ ಕಟ್ಟಿದ ಈ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018-19ರಲ್ಲಿ ಐಎಸ್‌ಎಲ್, 2022ರಲ್ಲಿ ಡುರಾಂಡ್ ಕಪ್ ಗೆದ್ದಿತು. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು ಕಂಠೀರವದ ಪಶ್ಚಿಮ ಗ್ಯಾಲರಿಗೆ ಜೀವ ತುಂಬಿದ್ದೂ ನಿಜ. 2018ರ ಜೂನಿನಲ್ಲಿ ಸುನಿಲ್ ಛೆಟ್ರಿ, ಬೈಯಲಿಕ್ಕಾದರೂ ಸರಿ, ಕ್ರೀಡಾಂಗಣಕ್ಕೆ ಬನ್ನಿ ಎಂಬರ್ಥದಲ್ಲಿ ದೇಶದ ಜನರನ್ನು ಬೇಡಿಕೊಂಡಾಗ ಮುಂಬಯಿಯ ಕ್ರೀಡಾಂಗಣ ತುಂಬಿತು. ಕ್ರೀಡಾಂಗಣಕ್ಕೆ ಬನ್ನಿ ಎನ್ನುವ ಮಾತು ಕ್ರೀಡಾಂಗಣ ಇರುವ ಊರಿಗೆ ಸರಿ. ಅದು ಇಲ್ಲದ ಊರಿನವರು ಎಲ್ಲಿಗೆ ಬರಬೇಕು?

ಈ ಕ್ಲಬ್ಬಿನ ಲಾಂಛನದಲ್ಲಿ ಗಂಡಭೇರುಂಡವಿದೆ. ಅದು ಕರ್ನಾಟಕದ ರಾಜಮುದ್ರೆಯ ಹಕ್ಕಿ, ಎರಡು ತಲೆಯದು. ಒಂದು ತಲೆ ಬೆಂಗಳೂರನ್ನು ನೋಡುತ್ತಿರುವುದು ಎಲ್ಲರಿಗೂ ಕಾಣುತ್ತಿದೆ. ಇನ್ನೊಂದು ಯಾವ ಕಡೆ ನೋಡುತ್ತಿದೆ? ಖಾಸಗಿ ಕಂಪನಿಯ ಕ್ಲಬ್ಬಿಗೆ ನಾಡು ಕಟ್ಟುವ ಹೊಣೆ ಯಾಕೆ ಎಂದು ಕೆಲವರು ಕೇಳಬಹುದು. ನ್ಯಾಯವೇ. ಆದರೆ ನಾಡಿನ ಹಕ್ಕಿಯನ್ನು ಅಂಗಿಯ ಮೇಲೆ ಧರಿಸಿ, ನಾಡಿನ ಅಭಿಮಾನವನ್ನು ಕೇಳುವವರು ನಾಡಿನ ಹೊಣೆ ನಮಗೆ ಬೇಡ ಎನ್ನಲಾಗದು.

ಫುಟ್ಬಾಲ್ ಕೆಲವು ಊರಿಗೆ ಬಂದು ಕೆಲವು ಊರಿಗೆ ಬಾರದೆ ಹೋದದ್ದಕ್ಕೆ ಜನರ ಅಭಿರುಚಿ ಕಾರಣವಲ್ಲ. ಈ ಆಟ ನಮ್ಮಲ್ಲಿ ದಂಡು, ರೈಲು, ಗಣಿ, ಕಾರ್ಖಾನೆಗಳ ಬೆನ್ನು ಹತ್ತಿ ಬಂತು. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಬಿಳಿಯ ಸೈನಿಕರ ಆಟ ನೋಡಿ ಸುತ್ತಲಿನ ಬಡಾವಣೆಗಳ ಬಡವರು ಕಲಿತರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಂತಿರುವುದು ಆ ಪರಂಪರೆಯಿಂದ. 1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ತಂಡ ಮುಂಬಯಿಯಲ್ಲಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಸೈನ್ಯದ ತಂಡಗಳ ಸೊತ್ತಾಗಿತ್ತು, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇದು. ಫೈನಲ್ಲಿನಲ್ಲಿ ಸೋತದ್ದು ಸಾಮಾನ್ಯರಲ್ಲ, ಆ ದಿನಗಳಲ್ಲಿ ದೇಶವೇ ಕೊಂಡಾಡುತ್ತಿದ್ದ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲೂ 1948ರಲ್ಲೂ ಬೆಂಗಳೂರಿನ ತಂಡ ಅದೇ ಕಪ್ಪನ್ನು ಮತ್ತೆ ತಂದಿತು. ಬೆಂಗಳೂರಿನ ಅಹಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಆಡಿದರು. ಮುಂದೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ಆಟವನ್ನು ಸಾಕಿದವು. ಉತ್ತರದಲ್ಲಿ ದಂಡು ಇದ್ದ ಬೆಳಗಾವಿ, ರೈಲು ಇದ್ದ ಹುಬ್ಬಳ್ಳಿ, ಗದಗಗಳಲ್ಲಿ ಚೆಂಡು ಉರುಳಿತು. ಜಮಖಂಡಿಗೆ ದಂಡೂ ಬರಲಿಲ್ಲ, ರೈಲೂ ಬರಲಿಲ್ಲ.

ದಂಡು ಹೋಗಿ ಎಂಬತ್ತು ವರ್ಷವಾಗುತ್ತ ಬಂತು. ಆದರೂ ಆಟದ ನಕ್ಷೆ ಅಲ್ಲಿಯೇ ನಿಂತಿದೆ. ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆ ನಡೆಸುವ ಅತ್ಯುನ್ನತ ಲೀಗಿನ ಹೆಸರು 'ಬೆಂಗಳೂರು ಸೂಪರ್ ಡಿವಿಜನ್'. ರಾಜ್ಯದ ಲೀಗಿಗೆ ಒಂದು ನಗರದ ಹೆಸರು! ಬಹುತೇಕ ತಂಡಗಳು ಬೆಂಗಳೂರಿನವು, ಕೊಡಗಿನ ಹೆಸರಿನ ತಂಡವೂ ಬೆಂಗಳೂರಿಗೆ ಬಂದೇ ಆಡಬೇಕು. ರಾಷ್ಟ್ರೀಯ ಲೀಗುಗಳಿಗೆ ಏರುವ ಮೆಟ್ಟಿಲೂ ಇದೇ. ಅಂದರೆ ಬೀಳಗಿಯ ಹುಡುಗರು ನಾಳೆ ಎಂಥ ತಂಡ ಕಟ್ಟಿದರೂ ಮೊದಲ ಮೆಟ್ಟಿಲು ಹತ್ತಲು ರಾಜಧಾನಿಯಲ್ಲಿ ಮನೆ ಮಾಡಬೇಕು. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದ ನಾವು ಕರ್ನಾಟಕವೆಂದು ಹೆಸರಾದ ಮೇಲೆ ಗೆದ್ದದ್ದು ಅದೇ ಮೊದಲು. 1968-69ರ ಬಳಿಕ ಐವತ್ತನಾಲ್ಕು ವರ್ಷದ ಬರಗಾಲ. ಮೂವತ್ತೊಂದು ಜಿಲ್ಲೆಗಳ ರಾಜ್ಯ ಹೆಚ್ಚುಕಡಿಮೆ ಒಂದೇ ನಗರದಿಂದ ತಂಡ ಆರಿಸುತ್ತ ಕೂತರೆ ಬರ ಬಾರದೆ ಇನ್ನೇನು ಬಂದೀತು?

ಹೆಸರನ್ನಷ್ಟೇ ಉತ್ತರಕ್ಕೆ ಕೊಟ್ಟು ಆಟವನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ರಿಕೆಟ್ಟಿನಲ್ಲಿ ಒಂದು ಪಾಠವಿದೆ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬೆಳಗಾವಿ ಪ್ಯಾಂಥರ್ಸ್ ಇತ್ತು, ಮುಂದೆ ಬಿಜಾಪುರ ಬುಲ್ಸ್ ಬಂತು. ನಮ್ಮ ಊರಿನ ಹೆಸರು ಟಿವಿಯಲ್ಲಿ ಬಂತೆಂದು ಜನ ಹಿಗ್ಗಿದರು. ತಂಡ ಹರಾಜಿನಲ್ಲಿ ಹುಟ್ಟಿತ್ತು. 2019ರಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಪೊಲೀಸರ ತನಿಖೆ ನಡೆಯಿತು, ಲೀಗು ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆರು ತಂಡಗಳ ಟೂರ್ನಿ ಬಂದಾಗ ಅದರಲ್ಲಿ ಬಿಜಾಪುರವೂ ಇರಲಿಲ್ಲ, ಬೆಳಗಾವಿಯೂ ಇರಲಿಲ್ಲ. ಕೊಡುವಾಗಲೂ ಊರನ್ನು ಕೇಳಿರಲಿಲ್ಲ, ಕಿತ್ತುಕೊಳ್ಳುವಾಗಲೂ ಕೇಳಲಿಲ್ಲ. ಬಾಡಿಗೆಗೆ ಪಡೆದ ಹೆಸರಿನ ಮೇಲೆ ಕಟ್ಟಿದ ಅಭಿಮಾನದ ಆಯುಷ್ಯ ಇಷ್ಟೆ.

ಹಾಗಾದರೆ ದಂಡು, ರೈಲುಗಳ ಬಲವಿಲ್ಲದೆ ಆಟ ಬೆಳೆಯಲಾರದೇ? ಈ ಪ್ರಶ್ನೆಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ, ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಜಮಖಂಡಿಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಕೊಲ್ಲಾಪುರ ಸೇರಬಹುದು. ನಮ್ಮ ರೋಗಿಗಳು, ವ್ಯಾಪಾರಿಗಳು, ಪೈಲವಾನರು ತಲೆಮಾರುಗಳಿಂದ ಓಡಾಡುವ ದಾರಿ ಅದು. ಆ ಊರಿನಲ್ಲಿ ಕುಸ್ತಿ ಹೇಗೋ ಫುಟ್ಬಾಲೂ ಹಾಗೆಯೇ. ಅಲ್ಲಿನ ಹೆಸರಾಂತ ತಂಡಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ್ ಮಂಡಳ, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್, ಶಿವಾಜಿ ತರುಣ ಮಂಡಳ. ತಾಲೀಮ್ ಎಂದರೆ ಗರಡಿ. ಮಣ್ಣಿನ ಕುಸ್ತಿಗೆಂದು ಕಟ್ಟಿದ ಗರಡಿಗಳೇ ಓಣಿಯ ಹುಡುಗರ ಫುಟ್ಬಾಲ್ ತಂಡಗಳಾದವು. ಶಾಹು ಕ್ರೀಡಾಂಗಣದಲ್ಲಿ ಎರಡು ತಾಲೀಮುಗಳು ಎದುರಾದರೆ ಊರು ಎರಡು ಪಾಲಾಗುತ್ತದೆ. ಅಲ್ಲಿ ಯಾವ ಕಂಪನಿಯೂ ಅಭಿಮಾನಿಗಳನ್ನು ಸೃಷ್ಟಿಸಲಿಲ್ಲ. ತಂಡ ಓಣಿಯದಾಗಿತ್ತು, ಹಾಗಾಗಿ ಓಣಿ ತಂಡದ್ದಾಯಿತು. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳರ ಕೆಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಪರ ಆಡಿದ ಅನಿಕೇತ್ ಜಾಧವ್ ಆ ಊರಿನ ಹುಡುಗ. ಕೊಲ್ಲಾಪುರ ಸಂಸ್ಥಾನವಾಗಿತ್ತು, ಜಮಖಂಡಿ, ಮುಧೋಳಗಳೂ ಸಂಸ್ಥಾನಗಳೇ. ಅಲ್ಲಿ ತಾಲೀಮು ಇತ್ತು, ಇಲ್ಲಿಯೂ ತಾಲೀಮು ಉಂಟು. ವ್ಯತ್ಯಾಸ ಒಂದೇ. ಅಲ್ಲಿ ಮೈದಾನವಿತ್ತು, ವರ್ಷ ವರ್ಷ ತಪ್ಪದೆ ನಡೆಯುವ ಲೀಗು ಇತ್ತು.

ಕೊಲ್ಲಾಪುರದ ಗ್ಯಾಲರಿಯಲ್ಲಿ ಜಗಳವೂ ಆಗುತ್ತದೆ, ನಮ್ಮ ಸೂಕ್ಷ್ಮ ಊರುಗಳಿಗೆ ಅಂಥದ್ದು ಬೇಕೇ ಎಂದು ಹಿರಿಯರು ಹಿಂಜರಿಯಬಹುದು. ಹಿಂಜರಿಕೆ ಅರ್ಥವಾಗುವಂಥದ್ದು. ಆದರೆ ನಮ್ಮ ಊರಿನ ಹುಡುಗರು ಈಗ ಗುಂಪು ಕಟ್ಟುತ್ತಿಲ್ಲವೇ? ಧ್ವಜದ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ, ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನ ಹೆಸರಿನಲ್ಲಿ ದಿನವೂ ಕಟ್ಟುತ್ತಿದ್ದಾರೆ. ಗರಡಿಯ ಮಣ್ಣಿಗೆ ಜಾತಿ ಕೇಳುವ ರೂಢಿ ಇರಲಿಲ್ಲ. ಈ ಸೀಮೆಯ ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವವರಲ್ಲಿ ಯಾರು ಯಾವ ಮತದವರೆಂದು ಬಿಡಿಸಿ ಹೇಳುವುದು ಕಷ್ಟ. ಓಣಿಯ ತಂಡವೆಂದರೆ ಇಂಥದೇ ಕೂಡುವಿಕೆಗೆ ಇನ್ನೊಂದು ನೆಪ. ಹನ್ನೊಂದು ಜನ ಬೇಕಾದಾಗ ಓಣಿಗೆ ಸಿಗುವವರು ಎಲ್ಲ ಮನೆಗಳ ಹುಡುಗರೇ. ಪಂದ್ಯದ ಜಗಳವನ್ನು ರೆಫರಿ ತೀರಿಸಬಹುದು. ಬೇರೆ ಜಗಳಗಳಿಗೆ ಸೀಟಿ ಊದುವವರೇ ಸಿಗುತ್ತಿಲ್ಲ.

ಕೇರಳವನ್ನೂ ಒಮ್ಮೆ ನೋಡಬೇಕು. 2022ರ ಸಂತೋಷ್ ಟ್ರೋಫಿಯ ಸೆಮಿಫೈನಲ್ಲಿನಲ್ಲಿ ಕೇರಳ ಕರ್ನಾಟಕವನ್ನು 7-3ರಿಂದ ಮಣಿಸಿತು. ಆ ಪಂದ್ಯ ನಡೆದದ್ದು ತಿರುವನಂತಪುರದಲ್ಲೂ ಅಲ್ಲ, ಕೊಚ್ಚಿಯಲ್ಲೂ ಅಲ್ಲ. ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ. ನಮ್ಮ ಜಮಖಂಡಿಯಂಥದೇ ಒಂದು ಮೊಫಸ್ಸಲ್ ಊರು. ಅಲ್ಲಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ಮಲಬಾರಿನ ಸೆವೆನ್ಸ್, ಅಂದರೆ ಏಳು ಜನರ ಫುಟ್ಬಾಲ್, ಸುಗ್ಗಿ ಮುಗಿದ ಗದ್ದೆಗಳಲ್ಲಿ ಬೆಳೆದ ಆಟ. ನಮ್ಮ ಕನ್ನಡಿಗರು ಬಾಳುವ ಕಾಸರಗೋಡು ಜಿಲ್ಲೆಯಲ್ಲೂ ಅದರ ಹುಚ್ಚು ಇದೆ. ಭಾರತ ತಂಡಕ್ಕೆ ಆಡಿದ ಮೊಹಮ್ಮದ್ ರಾಫಿ ಅದೇ ಜಿಲ್ಲೆಯ ತ್ರಿಕರಿಪುರದವರು. 2024ರಲ್ಲಿ ಶುರುವಾದ ಸೂಪರ್ ಲೀಗ್ ಕೇರಳದಲ್ಲಿ ಮಲಪ್ಪುರಂ, ಕಣ್ಣೂರು, ಕಲ್ಲಿಕೋಟೆ, ತ್ರಿಶೂರುಗಳಿಗೂ ತಂಡಗಳು ಬಂದವು. ಕೊಚ್ಚಿಯ ಕ್ಲಬ್ಬಿಗೆ ಮಲಬಾರಿನಿಂದ ಅಭಿಮಾನಿಗಳು ಬಸ್ಸು ಮಾಡಿಕೊಂಡು ಹೋಗುತ್ತಾರಲ್ಲ, ಅದರ ಗುಟ್ಟು ಇದು. ಅವರು ಮೊದಲು ತಮ್ಮ ಗದ್ದೆಯ ಆಟದ ಅಭಿಮಾನಿಗಳು, ಆಮೇಲೆ ಕೊಚ್ಚಿಯವರು. ನಮ್ಮಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡುವ ಯತ್ನ ನಡೆದಿದೆ.

ಇನ್ನೊಂದು ಕಟು ಸತ್ಯವನ್ನೂ ಮರೆಯಬಾರದು. 2025ರ ಜುಲೈಯಲ್ಲಿ ಐಎಸ್‌ಎಲ್ ನಡೆಸುವ ಹಕ್ಕಿನ ಕರಾರು ಮುಂದುವರಿಯದ ಕಾರಣ ಲೀಗು ತೂಗುಯ್ಯಾಲೆಯಲ್ಲಿ ನಿಂತಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯಿತು. ದೇಶದ ನಾಯಕರಾಗಿದ್ದವರು ಆಡುವ ಕ್ಲಬ್ಬಿನ ಪಾಡೇ ಇದಾದರೆ ಅದನ್ನು ನಂಬಿ ಬಂದ ದೂರದ ಅಭಿಮಾನಿಯ ಗತಿ ಏನು? ಥೈಲಿ ಒಬ್ಬನ ಕೈಯಲ್ಲಿದ್ದರೆ ಅದರ ಬಾಯಿ ಬಿಗಿಯುವ ಹಕ್ಕೂ ಒಬ್ಬನದೇ. ಜರ್ಮನಿಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವಿದೆ. ಅಲ್ಲಿ ಅಭಿಮಾನಿ ಗಿರಾಕಿಯಲ್ಲ, ಪಾಲುದಾರ. ಸಹಕಾರಿ ಸಕ್ಕರೆ ಕಾರ್ಖಾನೆ, ನೇಕಾರರ ಸೊಸೈಟಿಗಳನ್ನು ಕಂಡ ನಮ್ಮ ಸೀಮೆಗೆ ಪಾಲುದಾರಿಕೆ ಎಂದರೇನು, ಅದು ಕೆಡುವುದು ಹೇಗೆ ಎಂಬ ಎರಡೂ ಪಾಠಗಳು ಗೊತ್ತು. ಪಾಲು ಕೊಡದೆ ಪ್ರೀತಿ ಕೇಳುವವರನ್ನು ಅದು ಸುಲಭವಾಗಿ ಗುರುತಿಸಬಲ್ಲದು.

ಆಗಬೇಕಾದದ್ದು ಏನು? ಮೊದಲನೆಯದು, ರಾಜ್ಯದ ಲೀಗು ಹೆಸರಿನಲ್ಲೂ ನಡೆಯಲ್ಲೂ ರಾಜ್ಯದ್ದಾಗಲಿ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರುಗಳಲ್ಲಿ ವಲಯ ಲೀಗುಗಳು ನಡೆದು ಗೆದ್ದವರು ಮೇಲೇರಲಿ. ಎರಡನೆಯದು, ನಮ್ಮ ನಾಲ್ಕು ಊರುಗಳಿಗೆ ಒಂದು ಚಿಕ್ಕ ಲೀಗು ಸಾಕು. ಜಮಖಂಡಿಯಿಂದ ಬನಹಟ್ಟಿಗೆ, ಮುಧೋಳಕ್ಕೆ, ಬೀಳಗಿಗೆ ಹೋಗಿ ಆಡಿ ಸಂಜೆಗೆ ಮನೆ ಸೇರಬಹುದು. ಕಬ್ಬು ಕಡಿಯುವ ಕಾಲ ಬಿಟ್ಟು, ಜಾತ್ರೆ ಉರುಸುಗಳ ದಿನ ನೋಡಿ ವೇಳಾಪಟ್ಟಿ ಮಾಡಿದರೆ ಜನ ತಾವಾಗಿ ಬರುತ್ತಾರೆ. ಮೂರನೆಯದು, ಸರಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಖಾಲಿ ಹುದ್ದೆ ತುಂಬಲಿ, ಪುನರ್ವಸತಿ ಕೇಂದ್ರಗಳ ಆಟದ ಬಯಲಿನ ಮೇಲೆ ಬೇರೆ ಕಟ್ಟಡ ಏಳದಿರಲಿ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೂ ಸಂಜೆಯ ಒಂದು ತಾಸು ಆ ಬಯಲು ಸಿಗಲಿ. ಇವೆಲ್ಲ ಕ್ಲಬ್ಬಿನ ಕೆಲಸವಲ್ಲ, ಸರಕಾರದ್ದು ಮತ್ತು ಸಂಸ್ಥೆಯದ್ದು.

ಕ್ಲಬ್ಬಿಗೂ ಕೆಲಸವಿದೆ. ಅದರ ಮಾಲೀಕ ಕಂಪನಿ ಉತ್ತರದ ನೆಲಕ್ಕೆ ಅಪರಿಚಿತವೇನಲ್ಲ. ಅದರ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ, ಅಲ್ಲಿಯೇ 2018ರಲ್ಲಿ ಒಳ್ಳೆಯ ಕ್ರೀಡಾ ತರಬೇತಿ ಸಂಸ್ಥೆಯನ್ನೂ ತೆರೆದಿದೆ. ಅಂಥ ಶಕ್ತಿ ಇದ್ದವರಿಗೆ ಒಬ್ಬ ಕೋಚನ್ನು ವರ್ಷವಿಡೀ ಜಮಖಂಡಿಯಲ್ಲಿ ಇರಿಸುವುದು ಭಾರವಲ್ಲ. ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯವೊಂದನ್ನು ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಆಡುವುದೂ ಭಾರವಲ್ಲ. ಒಂದು ದಿನದ ಮೆರವಣಿಗೆಗೆ ಬರುವ ತಾರೆ ಬೇಡ. ಮುಧೋಳದ ಮೈದಾನದಲ್ಲಿ ಕಲಿತ ಒಬ್ಬ ಹುಡುಗ ನೀಲಿ ಅಂಗಿ ತೊಟ್ಟು ಕಂಠೀರವದಲ್ಲಿ ಇಳಿದ ದಿನ ಈ ಸೀಮೆಯ ಅಭಿಮಾನವನ್ನು ಯಾರೂ ಬೇಡಬೇಕಾಗಿಲ್ಲ. ಅವನ ಓಣಿ ಬಸ್ಸು ಮಾಡಿಕೊಂಡು, ಎರಡು ದಿನದ ಮಜೂರಿ ಬಿಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದೇ ಬರುತ್ತದೆ. ಅಲ್ಲಿಯವರೆಗೆ ನಿಮ್ಮ ಅಂಗಿಗಳು ನಮ್ಮ ಸಂತೆಯಲ್ಲಿ ಮೆಸ್ಸಿಯ ಅಂಗಿಯ ಪಕ್ಕದಲ್ಲಿ ತೂಗಾಡಲಿ. ಯಾವುದು ಮೊದಲು ಬಿಕರಿಯಾಗುತ್ತದೋ ನೋಡೋಣ.